ಒಂದು ಲಗ್ನಪತ್ರಿಕೆಯ ಸೈದ್ಧಾಂತಿಕ ಹಿನ್ನೆಲೆ

ಏಳು ವರ್ಷ ನಡೆದ ಒಂದು ಸೈದ್ಧಾಂತಿಕ ಸಂಘರ್ಷಕ್ಕೆ ಕಾರಣ ನಾನು. ಒಂದು ಲಗ್ನಪತ್ರಿಕೆಯನ್ನು ಒಂದು ಮನೆಗೆ ಹೊತ್ತಿಗೆ ಸರಿಯಾಗಿ ತಲುಪಿಸಿದ್ದರೆ, ವರ್ಗ ದೊಡ್ಡದೋ ಜಾತಿ ದೊಡ್ಡದೋ ಎಂಬ ಪ್ರಶ್ನೆ ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗಾದರೂ ಇಷ್ಟು ಬಿಗಡಾಯಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹುಣಸೂರಿನಲ್ಲಿ ಮೂವತ್ತು ವರ್ಷ ಸಮಾಜಶಾಸ್ತ್ರ ಪಾಠ ಮಾಡಿದ ನನಗೆ ಕಾರಣವನ್ನು ಕೊನೆಯ ತನಕ ಬಚ್ಚಿಡುವ ಚಾಳಿ ಇತ್ತು. ಆ ಕೊನೆ ಬರುವ ಹೊತ್ತಿಗೆ ಹುಡುಗರು ಊರಿನ ಬಸ್ಸು ಹತ್ತಿ ಹೋಗಿರುತ್ತಿದ್ದರು.

ನಾವು ಮೂವರು ಮೈಸೂರಿನ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದು ಎಂ.ಎ. ಮಾಡಿದವರು. ಒಬ್ಬ ಕೆ.ಆರ್.ನಗರದ ಕಡೆ ಮಿರ್ಲೆಯವನು. ನಾಲೆ ನೀರಿನ ಗದ್ದೆ, ಕಬ್ಬು ಇರುವ ಒಕ್ಕಲು ಮನೆ. ಜಗತ್ತಿನಲ್ಲಿ ಇರುವುದು ಎರಡೇ ಕುಲ, ದುಡಿಯುವವರು ಮತ್ತು ದುಡಿಸಿಕೊಳ್ಳುವವರು ಎಂದು ಅವನು ಮೀಸೆ ಚಿಗುರುವ ಕಾಲಕ್ಕೇ ತೀರ್ಮಾನಿಸಿದ್ದ. ಮೀಸೆ ಬೆಳ್ಳಗಾದರೂ ತೀರ್ಮಾನ ಹಾಗೆಯೇ ಇದೆ. ನಿನ್ನ ಗದ್ದೆಗೆ ನಾಟಿ ಹಾಕಲು ಬರುವ ಹೆಂಗಸರು ಯಾವ ಕಡೆ, ನೀನು ಯಾವ ಕಡೆ ಎಂದು ಕೇಳಿದರೆ ಅದೊಂದು ಪರಿವರ್ತನೆಯ ಹಂತ ಎನ್ನುತ್ತಾನೆ. ಇನ್ನೊಬ್ಬ ಹೆಚ್.ಡಿ.ಕೋಟೆಯ ಆಚೆ ಸರಗೂರಿನವನು. ಊರಾಚೆಯ ಕೇರಿಯಲ್ಲಿ ಹುಟ್ಟಿ, ಬೀದಿ ದೀಪದಲ್ಲಿ ಓದಿ, ನಮ್ಮ ಮೂವರಲ್ಲಿ ಮೊದಲು ಕೆಲಸ ಹಿಡಿದವನು. ಜಾತಿಯನ್ನು ಬಿಟ್ಟು ಈ ದೇಶದ ಮಳೆ ಬೆಳೆಯನ್ನೂ ವಿವರಿಸಲಾಗದು ಎನ್ನುವುದು ಅವನ ಸಿದ್ಧಾಂತ. ಮೂರನೆಯವನು ನಾನು. ಲಿಂಗ ಕಟ್ಟುವ ಮನೆ, ಹುಣಸೂರಿನ ಅಂಗಡಿ ಬೀದಿ. ನನಗೆ ಯಾವ ಪಂಥವೂ ಇರಲಿಲ್ಲ. ಅವನು ಹೇಳಿದ್ದಕ್ಕೂ ಹೌದು, ಇವನು ಹೇಳಿದ್ದಕ್ಕೂ ಹೌದು ಎನ್ನುತ್ತಿದ್ದೆ. ಅದನ್ನು ನಾನು ವಿಶಾಲ ದೃಷ್ಟಿ ಎಂದು ಕರೆದುಕೊಳ್ಳುತ್ತಿದ್ದೆ.

ಮೆಸ್ಸು ಮುಚ್ಚಿದ ರಾತ್ರಿಗಳಲ್ಲಿ ಒಂದು ತಟ್ಟೆ ಚಿತ್ರಾನ್ನವನ್ನು ಮೂವರೂ ಹಂಚಿಕೊಂಡು ತಿಂದಿದ್ದೇವೆ. ಹಾಗಾಗಿ ಮುಂದಿನದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ನಮ್ಮ ಕಡೆ ಮದುವೆಗೆ ಕರೆಯುವುದಕ್ಕೆ ಒಂದು ಕ್ರಮವಿದೆ. ಅಚ್ಚು ಹಾಕಿಸಿದ ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಗಂಡ ಹೆಂಡತಿ ಜೊತೆಯಾಗಿ ಮನೆಗೆ ಹೋಗಬೇಕು. ಗಂಡಸು ಪತ್ರಿಕೆ ಕೊಡುತ್ತಾನೆ, ಹೆಂಗಸು ಆ ಮನೆಯಾಕೆಗೆ ಕುಂಕುಮ ಕೊಟ್ಟು ಬಾಯಿ ಬಿಟ್ಟು ಕರೆಯುತ್ತಾಳೆ. ಮನೆಯವರಿಗೆ ಹೋಗಲಾಗದಿದ್ದರೆ ಅವರ ಪರವಾಗಿ ತೀರ ಬೇಕಾದವರು ದಂಪತಿ ಸಮೇತ ಹೋಗಬಹುದು. ಇದರಲ್ಲಿ ಯಾವುದು ತಪ್ಪಿದರೂ ಅದು ಕರೆದಂತಲ್ಲ. ಕರೆಯದ ಮದುವೆಗೆ ಹೋದವರನ್ನು ಊರು ನೆನಪಿಟ್ಟುಕೊಳ್ಳುತ್ತದೆ, ಕರೆಯದೇ ಬಿಟ್ಟವರನ್ನು ಇನ್ನೂ ಹೆಚ್ಚು ನೆನಪಿಟ್ಟುಕೊಳ್ಳುತ್ತದೆ.

ಮಿರ್ಲೆಯವನ ಮಗಳ ಮದುವೆ ಗೊತ್ತಾದಾಗ ಅವನು ಗದ್ದೆ ಬದುವಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಶಾಸ್ತ್ರ ಸಂಪ್ರದಾಯಗಳೆಲ್ಲ ಪಾಳೇಗಾರಿಕೆಯ ಪಳೆಯುಳಿಕೆ ಎಂದು ಭಾಷಣ ಮಾಡುವವನು, ಮಂಚದ ಮೇಲೆ ಕೂತು ತನ್ನ ಕೈಯಾರೆ ಪತ್ರಿಕೆಗೆ ಅರಿಶಿನ ಹಚ್ಚಿ ನನ್ನ ಕೈಗೆ ಕೊಟ್ಟ. ನೀವಿಬ್ಬರೂ ಹೋಗಿ ಸರಗೂರಿನವನನ್ನು ಕ್ರಮವಾಗಿ ಕರೆದು ಬನ್ನಿ, ನಾನು ಬಂದಷ್ಟೇ ಆಯಿತು ಎಂದ. ಆಗಲಿ ಎಂದೆ. ಹೋದೆವು. ಆದರೆ ಹೊತ್ತಾಯಿತು, ಅವನ ಮನೆಗೆ ಹೋಗಲಾಗಲಿಲ್ಲ. ಮಾರನೆಯ ದಿನ ಹೋದರಾಯಿತು ಎಂದುಕೊಂಡು, ಅದೂ ಆಗದೆ, ಪತ್ರಿಕೆಯ ಫೋಟೋ ತೆಗೆದು ಸರಗೂರಿನವನ ಫೋನಿಗೆ ಕಳಿಸಿದೆ. ಕೆಳಗೆ, ಅವನು ಕಳಿಸಿದ್ದಾನೆ, ಇಬ್ಬರೂ ಬರಬೇಕಂತೆ ಎಂದು ಬರೆದೆ.

ಸರಗೂರಿನವನು ಮದುವೆಗೆ ಬರಲಿಲ್ಲ. ಮಿರ್ಲೆಯವನಿಗೆ ನಾನು, ಕೊಟ್ಟೆ ಕಣಪ್ಪ ಎಂದಿದ್ದೆ. ಕೊಟ್ಟೆ ಎನ್ನುವುದಕ್ಕೆ ವಿಶಾಲ ದೃಷ್ಟಿಯಲ್ಲಿ ಅನೇಕ ಅರ್ಥಗಳಿವೆ.

ಮೂರು ತಿಂಗಳಿಗೆ ಒಂದು ಸಣ್ಣ ಪತ್ರಿಕೆಯಲ್ಲಿ ಸರಗೂರಿನವನ ಲೇಖನ ಬಂತು. ವರ್ಗ ವಿಶ್ಲೇಷಣೆಯ ಕಣ್ಣಿಗೆ ಬೀಳದ ಸಂಗತಿಗಳ ಬಗ್ಗೆ ಹನ್ನೆರಡು ಪುಟ. ಕೆಂಪು ಬಾವುಟದ ಕೆಳಗೆ ನಿಂತವರೂ ಹೊಸ್ತಿಲು ದಾಟುವಾಗ ಯಾರ ಹೊಸ್ತಿಲು ಎಂದು ನೋಡಿಯೇ ದಾಟುತ್ತಾರೆ ಎಂಬ ಸಾಲು ಅದರಲ್ಲಿತ್ತು. ಮಿರ್ಲೆಯವನು ಅದಕ್ಕೆ ಉತ್ತರ ಬರೆದ: ಅಸ್ಮಿತೆಯ ರಾಜಕಾರಣ ಕೊನೆಗೆ ಹೇಗೆ ವೈಯಕ್ತಿಕ ಅಹಂಕಾರವಾಗಿ, ಆಪ್ತರ ಸಂತೋಷದಲ್ಲೂ ಪಾಲ್ಗೊಳ್ಳದ ಸಂಕುಚಿತತೆಯಾಗಿ ಪರಿಣಮಿಸುತ್ತದೆ ಎಂದು ಹದಿನಾರು ಪುಟ. ಓದಿದವರು ಇಬ್ಬರ ಪಾಂಡಿತ್ಯವನ್ನೂ ಮೆಚ್ಚಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಂತೆ ನಾನೊಬ್ಬನೇ ಪ್ರತಿ ಲೇಖನ ಬಂದಾಗಲೂ ಬೆವರುತ್ತಿದ್ದೆ. ಅವರಿಬ್ಬರ ನಡುವೆ ಒಟ್ಟು ಒಂಬತ್ತು ಲೇಖನಗಳಾದವು. ಒಂದರಲ್ಲೂ ಲಗ್ನಪತ್ರಿಕೆ ಎಂಬ ಪದವಿರಲಿಲ್ಲ. ಅಡಿಟಿಪ್ಪಣಿಯಲ್ಲಿ ಕೂಡ ಇರಲಿಲ್ಲ.

ನಿವೃತ್ತಿಯಾದ ಮೇಲೆ ನನಗೆ ಹೊತ್ತು ಹೋಗದೆ ಈ ಪಾಪ ಕೊರೆಯತೊಡಗಿತು. ಅಷ್ಟರಲ್ಲಿ ಎಲ್ಲರಿಗೂ ಫೋನಿನಲ್ಲೇ ಸಭೆ ಮಾಡುವ ಅಭ್ಯಾಸವಾಗಿತ್ತು. ನನಗೊಂದು ಯೋಚನೆ ಹೊಳೆಯಿತು. ಬೇರೆ ಬೇರೆ ಚಿಂತನಾ ಧಾರೆಗಳವರನ್ನು ಆನ್‌ಲೈನಿನಲ್ಲಿ ಕೂಡಿಸಿ ತಿಂಗಳಿಗೊಂದು ಸಂವಾದ ನಡೆಸುವುದು. ವರ್ಗದ ಪರವಾಗಿ ಮಿರ್ಲೆ, ಜಾತಿಯ ಪ್ರಶ್ನೆಗೆ ಸರಗೂರು, ಸ್ತ್ರೀವಾದಕ್ಕೆ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಒಬ್ಬ ಅಧ್ಯಾಪಕಿ. ಆಕೆ ನನ್ನ ಹಳೆಯ ವಿದ್ಯಾರ್ಥಿನಿ, ಬಸ್ಸು ತಪ್ಪಿಸಿಕೊಂಡು ನನ್ನ ಪಾಠದ ಕೊನೆಯ ತನಕ ಕೂತಿದ್ದ ಕೆಲವೇ ಮಂದಿಯಲ್ಲಿ ಒಬ್ಬಳು. ಹುಣಸೂರಿನ ನಾನು ನಿರ್ವಾಹಕ. ಪಂಥಗಳು ಮಾತಾಡಿಕೊಂಡರೆ ಗೆಳೆಯರೂ ಮಾತಾಡಿಕೊಳ್ಳುತ್ತಾರೆ, ನಾನು ಬಾಯಿ ಬಿಡುವ ಪ್ರಮೇಯವೇ ಬರುವುದಿಲ್ಲ ಎಂಬುದು ಒಳಗಿನ ಲೆಕ್ಕಾಚಾರ.

ನನ್ನ ಹೆಂಡತಿಗೆ ಎಲ್ಲವೂ ಗೊತ್ತಿತ್ತು. ಅವತ್ತು ಕಾರಿನಲ್ಲಿ ಪಕ್ಕದಲ್ಲಿ ಕೂತಿದ್ದವಳು ಅವಳೇ. ರಾಗಿ ಹಸನು ಮಾಡುತ್ತ ನನ್ನ ಯೋಜನೆಯನ್ನೆಲ್ಲ ಕೇಳಿಸಿಕೊಂಡಳು.

"ಫೋನ್ ಮಾಡಿ ತಪ್ಪಾಯ್ತು ಅಂದ್ರೆ ಎರಡು ನಿಮಿಷದ ಕೆಲಸ ಕಣ್ರೀ. ಅದಕ್ಕೆ ಇಷ್ಟು ದೊಡ್ಡ ಚಪ್ಪರ ಯಾಕೆ ಹಾಕ್ತೀರಿ" ಎಂದಳು.

ಇದು ಬೌದ್ಧಿಕ ಕೆಲಸ, ನಿನಗೆ ಗೊತ್ತಾಗುವುದಿಲ್ಲ ಎಂದೆ. ಅವಳು ಮೊರದಲ್ಲಿದ್ದ ಕಲ್ಲನ್ನು ಆರಿಸಿ ಆಚೆಗೆ ಎಸೆದಳು.

ಮೊದಲ ತೊಡಕು ಬಂದದ್ದು ಪೋಸ್ಟರಿನಲ್ಲಿ. ಅದನ್ನು ಫೋನಿನಲ್ಲೇ ಮಾಡಿಸಿ ಗ್ರೂಪಿಗೆ ಹಾಕಿದೆ. ಮಿರ್ಲೆಯವನ ಹೆಸರು ಮೇಲಿತ್ತು. ತಲತಲಾಂತರದಿಂದ ಕೆಳಗೇ ಇದ್ದವರನ್ನು ಇಲ್ಲೂ ಕೆಳಗೇ ಇಡಲಾಗಿದೆ ಎಂದು ಸರಗೂರಿನಿಂದ ಸಂದೇಶ ಬಂತು. ಅದಲುಬದಲು ಮಾಡಿದೆ. ಹಿರಿತನಕ್ಕೆ ತನಗೆ ಮೋಹವಿಲ್ಲ, ಆದರೆ ತಾನು ಹಿರಿಯ ಎಂಬುದು ವಸ್ತುಸ್ಥಿತಿ ಎಂದು ಮಿರ್ಲೆಯಿಂದ ಬಂತು. ಅಕಾರಾದಿಯಾಗಿ ಹಾಕಿದೆ. ಈ ಎರಡೂ ಜಗಳದಲ್ಲಿ ತಾನು ಮೂರನೆಯವಳಾಗಿಯೇ ಉಳಿದದ್ದನ್ನು ಯಾರಾದರೂ ಗಮನಿಸಿದಿರಾ ಸರ್ ಎಂದು ರಾವಂದೂರಿನವಳು ಕೇಳಿದಳು. ಕೊನೆಗೆ ಹೆಸರುಗಳನ್ನು ದುಂಡಗೆ, ಬಳೆಯ ಹಾಗೆ ಹಾಕಿಸಿದೆ. ದುಂಡಗೆ ಹಾಕಿದರೂ ಮೇಲೆ ಒಬ್ಬರು ಬಂದೇ ಬರುತ್ತಾರೆ ಎನ್ನುವುದು ಆಮೇಲೆ ತಿಳಿಯಿತು. ಆ ಜಾಗಕ್ಕೆ ಒಂದು ಹೂವಿನ ಚಿತ್ರ ಅಂಟಿಸಿದೆ. ಸಮಾನತೆಯ ಬಗ್ಗೆ ಮೂವತ್ತು ವರ್ಷ ಪಾಠ ಮಾಡಿದ್ದರೂ ಅದರ ಪೋಸ್ಟರು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಒಂದು ಮಾತ್ರ ವಿಚಿತ್ರ. ಆ ಪೋಸ್ಟರಿನ ಫೋಟೋ ನೋಡಿಕೊಂಡೇ ಎಲ್ಲರೂ ಸಭೆಗೆ ಬಂದರು, ಮನೆಗೆ ಬಂದು ಕರೆಯಲಿಲ್ಲ ಎಂದು ಒಬ್ಬರೂ ಮುನಿಸಿಕೊಳ್ಳಲಿಲ್ಲ.

ಸಂವಾದಕ್ಕೆ ನಾನು ಒಂದೇ ನಿಯಮ ಇಟ್ಟಿದ್ದೆ. ಯಾರೇ ಆಗಲಿ ತಮ್ಮ ವಾದ ಹೇಳುವ ಮೊದಲು ಎದುರಿನವರ ವಾದವನ್ನು, ಅವರು ಹೌದು ಎನ್ನುವ ಹಾಗೆ ಹೇಳಬೇಕು. ಓದುವಾಗ ಇದು ಬಹಳ ಉದಾತ್ತವಾಗಿ ಕಾಣುತ್ತದೆ. ಮೊದಲ ಭಾನುವಾರ ಮಿರ್ಲೆಯವನು, ಮಾನ್ಯ ಮಿತ್ರರ ವಾದವೇನೆಂದರೆ ಎಂದು ಶುರುಮಾಡಿ ಇಪ್ಪತ್ತು ನಿಮಿಷ ಮಾತಾಡಿದ. ಮಾನ್ಯ ಮಿತ್ರರು, ಇದು ನನ್ನ ವಾದವಲ್ಲ, ಇದು ನನ್ನ ವಾದ ಎಂದು ಅವರು ಆಶಿಸುವ ವಾದ ಎಂದರು. ಮತ್ತೆ ಹೇಳಿ ಎಂದೆ. ಮತ್ತೆ ಹೇಳಿದ. ಅದೂ ಅಲ್ಲ ಎಂದಾಯಿತು. ಅಷ್ಟರಲ್ಲಿ ಮಿರ್ಲೆಯಲ್ಲಿ ಕರೆಂಟು ಹೋಯಿತು. ಕರೆಂಟು ಬಂದಾಗ ಸರಗೂರಿನ ನೆಟ್‌ವರ್ಕ್ ಹೋಗಿತ್ತು. ಆವತ್ತು ಕೇಳುಗರಾಗಿ ಬಂದಿದ್ದವರು ಹನ್ನೊಂದು ಮಂದಿ, ಕೊನೆಗೆ ಉಳಿದವರು ಇಬ್ಬರು. ಅದರಲ್ಲಿ ಒಬ್ಬರು ಫೋನು ಆಫ್ ಮಾಡದೆ ನಿದ್ದೆ ಹೋಗಿದ್ದರು ಎಂದು ಗೊರಕೆಯಿಂದ ತಿಳಿಯಿತು.

ಎರಡು, ಮೂರು, ನಾಲ್ಕನೆಯ ಸಭೆಗಳೂ ಹೀಗೆಯೇ ಆದವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಭೂಮಿಯ ಪ್ರಶ್ನೆ ಎಂದು ಇವನೆಂದರೆ ಭೂಮಿ ಯಾರಿಗೆ ಸಿಗಲೇ ಇಲ್ಲ ಎಂಬ ಪ್ರಶ್ನೆ ಎಂದು ಅವನು. ಇಬ್ಬರೂ ನೇರವಾಗಿ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಅವರಿಗೆ ಹೇಳಿ, ಇವರಿಗೆ ಹೇಳಿ ಎಂದು ನನ್ನ ಮೂಲಕ ಕಳಿಸುತ್ತಿದ್ದರು. ಒಂದೇ ಪರದೆಯ ಮೇಲೆ ಅಕ್ಕಪಕ್ಕದ ಚೌಕದಲ್ಲಿದ್ದವರ ಮಾತನ್ನು ಹೊತ್ತುಹಾಕುವುದು ನನ್ನ ಕೆಲಸವಾಯಿತು. ತಲುಪಿಸುವ ಕೆಲಸದಲ್ಲಿ ನನ್ನ ಹಿಂದಿನ ಸಾಧನೆ ಅವರಿಗೆ ಗೊತ್ತಿರಲಿಲ್ಲ ಅಷ್ಟೆ. ನನಗೆ ನಿಜವಾಗಿ ಸಂಕಟವಾಗುತ್ತಿದ್ದುದು ಅವರು ಬಳಸುತ್ತಿದ್ದ 'ತಾವು', 'ಮಾನ್ಯರು' ಎಂಬ ಮಾತುಗಳಿಂದ. ಹಾಸ್ಟೆಲಿನಲ್ಲಿ ಒಬ್ಬರ ಅಂಗಿ ಒಬ್ಬರು ಹಾಕಿಕೊಂಡು ತಿರುಗಿದವರು ಅವರು.

ರಾವಂದೂರಿನವಳು ಸಭೆಗೆ ಬರುತ್ತಿದ್ದುದು ಮನೆಯ ಅಂಗಳದಿಂದ. ಅವರದು ಹೊಗೆಸೊಪ್ಪು ಬೆಳೆಯುವ ಮನೆ. ಫೋನನ್ನು ಒಂದು ಚೊಂಬಿಗೆ ಒರಗಿಸಿಟ್ಟು, ಅತ್ತೆಯ ಪಕ್ಕ ಕೂತು ಹಸಿರೆಲೆಯನ್ನು ಕಡ್ಡಿಗೆ ಕಟ್ಟುತ್ತ ಕೇಳಿಸಿಕೊಳ್ಳುತ್ತಿದ್ದಳು. ಸೊಪ್ಪು ಬೇಯಿಸಿ ಒಣಗಿಸುವ ಕಾಲದಲ್ಲಿ ಕೈಗೆ ಬಿಡುವಿಲ್ಲ ಸರ್, ಕಿವಿಗೆ ಬಿಡುವಿದೆ ಎಂದಿದ್ದಳು. ಶ್ರಮ ಎಂದರೇನು ಎಂದು ಮಿರ್ಲೆಯವನು ಕುರ್ಚಿಗೆ ಒರಗಿ ವಿವರಿಸುವಾಗ, ಪರದೆಯ ಮೇಲಿದ್ದವರಲ್ಲಿ ಕೈಯಾಡಿಸುತ್ತಿದ್ದವಳು ಅವಳೊಬ್ಬಳೇ. ಐದನೆಯ ಸಭೆಯಲ್ಲಿ ಅವಳಿಗೆ ತಾಳ್ಮೆ ತಪ್ಪಿತು. ಈ ಸಲ ಯಾರೂ ದೊಡ್ಡ ಪದ ಬಳಸುವುದು ಬೇಡ, ತಮ್ಮ ಬದುಕಿನಲ್ಲಿ ನಡೆದ ಒಂದೇ ಒಂದು ಸಂಗತಿ ಹೇಳಿ, ಅದರಿಂದ ಸಿದ್ಧಾಂತ ತೆಗೆಯೋಣ ಎಂದಳು. ನನಗೆ ಬೇಡವೆನ್ನಲು ಕಾರಣ ಸಿಗಲಿಲ್ಲ. ಕಾರಣ ಇತ್ತು, ಹೇಳುವ ಹಾಗಿರಲಿಲ್ಲ.

ಸರಗೂರಿನವನು ಕನ್ನಡಕ ತೆಗೆದು ಒರೆಸಿಕೊಂಡು, ನನಗೆ ಒಬ್ಬ ಪ್ರಗತಿಪರ ಗೆಳೆಯರಿದ್ದರು ಎಂದು ಶುರುಮಾಡಿದ. ಅವರ ಮಗಳನ್ನು ನಾನು ಎತ್ತಿ ಆಡಿಸಿದ್ದೆ. ಆ ಮಗುವಿನ ಮದುವೆಗೆ ಅವರು ತಮ್ಮವರನ್ನೆಲ್ಲ ಮನೆ ಮನೆಗೆ ಹೋಗಿ, ಕುಂಕುಮ ಕೊಟ್ಟು ಕರೆಸಿದರು. ನನಗೆ ಮಾತ್ರ ಬೇರೆಯವರ ಫೋನಿನಿಂದ ಒಂದು ಫೋಟೋ ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ನನ್ನದು ಅಡಿಕೆಗೂ ಅಲ್ಲ, ಫೋಟೋಕ್ಕೆ ಹೋಯಿತು. ಇಷ್ಟು ಹೇಳಿ ಕನ್ನಡಕ ಮತ್ತೆ ಹಾಕಿಕೊಂಡ.

ಮಿರ್ಲೆಯವನು ಪರದೆಯ ಹತ್ತಿರಕ್ಕೆ ಬಗ್ಗಿದ. ಚೌಕದ ತುಂಬ ಅವನ ಹಣೆಯೇ ಕಾಣುತ್ತಿತ್ತು.

"ಅರಿಸ್ಣ ಅಚ್ಚಿ ಕೈಲಿ ಕೊಟ್ಟು ಕಳಿಸಿದ್ನಲ್ಲೋ. ಮುಂದ್ಗಡೆ ಸಾಲಲ್ಲಿ ಎರಡು ಕುರ್ಚಿ ಇಡಿಸ್ಕೊಂಡು, ಮುರಿದ ಕಾಲಲ್ಲಿ ಬಾಗ್ಲು ನೋಡ್ಕಂಡು ನಿಂತಿದ್ದೆ ಕಣ್ಲಾ" ಎಂದ.

ಏಳು ವರ್ಷದಲ್ಲಿ ಅವನು ಇವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಸರಗೂರಿನವನು ಯಾರ ಕೈಲಿ ಎಂದು ಕೇಳಿದ. ಇಬ್ಬರೂ ಪರದೆಯ ಒಂದೇ ಮೂಲೆಯನ್ನು ನೋಡತೊಡಗಿದರು. ಅಲ್ಲಿ ನಾನಿದ್ದೆ.

ಒಪ್ಪಿಕೊಂಡೆ. ಪತ್ರಿಕೆ ನನ್ನ ಕೈಯಲ್ಲಿತ್ತು, ಸರಗೂರಿನ ಕಡೆ ಬಂದೂ ಹೊತ್ತಾಗಿ ಮರಳಿದೆ, ಆಮೇಲೆ ಮರೆವು, ಆಮೇಲೆ ನಾಚಿಕೆ, ಫೋಟೋ ಕಳಿಸಿದ್ದು ನಾನೇ, ಕೊಟ್ಟೆ ಎಂದು ಸುಳ್ಳು ಹೇಳಿದ್ದೂ ನಾನೇ ಎಂದೆ. ಏಳು ವರ್ಷದ ಭಾರ ಇಳಿಯಿತು, ಇನ್ನು ಇಬ್ಬರೂ ಸೇರಿ ನನ್ನನ್ನು ಬೈಯುತ್ತಾರೆ, ಬೈಯಲಿ, ಒಂದಾದರೆ ಸಾಕು ಎಂದು ಕಾದೆ.

ಅವರು ಬೈಯಲಿಲ್ಲ. ಸರಗೂರಿನವನು, ನನ್ನ ಮರೆವು ಇಲ್ಲಿ ಮುಖ್ಯವಲ್ಲ, ವ್ಯವಸ್ಥೆ ನನ್ನ ಮೂಲಕ ಕೆಲಸ ಮಾಡಿದೆ ಅಷ್ಟೆ, ತನ್ನ ಲೇಖನಗಳ ವಾದಕ್ಕೆ ಇದರಿಂದ ಧಕ್ಕೆಯಿಲ್ಲ ಎಂದ. ಮಿರ್ಲೆಯವನೂ ಹೌದೆಂದ. ಚರಿತ್ರೆಯಲ್ಲಿ ಒಬ್ಬ ವ್ಯಕ್ತಿಗೆ ಅಷ್ಟೆಲ್ಲ ಮಹತ್ವ ಕೊಡಲಾಗದು, ತನ್ನ ಲೇಖನಗಳೂ ಹಾಗೆಯೇ ನಿಲ್ಲುತ್ತವೆ ಎಂದ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ಒಪ್ಪಿಕೊಳ್ಳಲು ಇಬ್ಬರಿಗೂ ಮನಸ್ಸಿರಲಿಲ್ಲ. ಒಂಬತ್ತು ಲೇಖನಗಳ ಬೆಟ್ಟ ಅದು. ವರ್ಗ ಮತ್ತು ಜಾತಿಯ ಧಾರೆಗಳು ಮೊದಲ ಬಾರಿಗೆ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದವು. ಆ ವಿಷಯ, ನಾನು ಯಾವ ಲೆಕ್ಕಕ್ಕೂ ಇಲ್ಲ ಎನ್ನುವುದು. ನಿರ್ವಾಹಕನಾಗಿ ನಾನು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಿತ್ತು.

ರಾವಂದೂರಿನವಳು ಎಲೆ ಕಟ್ಟುವುದನ್ನು ನಿಲ್ಲಿಸಿದ್ದಳು.

"ಸರ್, ಕುಂಕುಮ ಕೊಡೋದು ಮನೆ ಹೆಂಗಸಿಗೆ ಅಲ್ವಾ? ಏಳು ವರ್ಷದಿಂದ ಮೂವರೂ ಗಂಡಸರೇ ಮಾತಾಡ್ತಿದ್ದೀರಿ. ಆ ಅಕ್ಕನ್ನ ಯಾರಾದ್ರೂ ಕೇಳಿದ್ರಾ?" ಎಂದಳು.

ಸರಗೂರಿನವನು ಹಿಂದಕ್ಕೆ ತಿರುಗಿ ಕರೆದ. ಅವನ ಹೆಂಡತಿ ಬಂದು ಪಕ್ಕದ ಕುರ್ಚಿಯ ತುದಿಯಲ್ಲಿ ಕೂತರು. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವವರು. ನನ್ನನ್ನು ಮೊದಲಿನಿಂದಲೂ ಅಣ್ಣ ಎಂದೇ ಕರೆಯುತ್ತಿದ್ದರು. ಈ ಐದು ಸಭೆಗಳನ್ನೂ ಅವರು ಒಳಗಿನಿಂದ ಕೇಳಿಸಿಕೊಂಡಿದ್ದರು. ದನಿ ಏರಿಸದೆ, ಮಕ್ಕಳಿಗೆ ಹೇಳುವಷ್ಟೇ ನಿಧಾನವಾಗಿ ಹೇಳಿದರು.

"ಅಣ್ಣ, ನೀವು ಮರ್ತಿದ್ದಲ್ಲ. ಭಾನ್ವಾರ ಮನೆಗೆ ಬತ್ತೀನಿ ಅಂತ ನೀವೇ ನಂಗೆ ಫೋನ್ ಮಾಡಿದ್ರಿ. ಇವ್ರು ಮೈಸೂರ್ಗೆ ಪೇಪರ್ ತಿದ್ದೋಕೆ ಹೋಗಿದ್ರು. ನಮ್ಮನೇಲಿ ನೀವು ಉಣ್ತೀರೋ ಇಲ್ವೋ ಅಂತ ಹೊಸ ಪಾತ್ರೆ ತಂದು ಅದ್ರಲ್ಲೇ ಅಡ್ಗೆ ಮಾಡಿದ್ದೆ. ಕಾಳು ಸಾರು, ಒಬ್ಬಟ್ಟು. ಸಂಜೆ ಎಣ್ಣೆ ತರೋಕೆ ಅಂಗ್ಡಿ ಬೀದಿಗೆ ಹೋದಾಗ ಸಾವ್ಕಾರ್ರ ಮನೆ ಮುಂದೆ ನಿಮ್ ಕಾರು ನಿಂತಿತ್ತು. ಅಕ್ಕ ಕುಂಕುಮದ ಬಟ್ಲು ಇಡ್ಕಂಡು ಒಳಗೆ ಹೋಗ್ತಿದ್ರು. ಮುಂದ್ಲ ಮನೆ ನಮ್ದೇ ಅಂತ ನಾನು ಓಡ್ಬಂದು ಬಾಗ್ಲಲ್ಲಿ ಕೂತೆ."

ಅವರು ಸೆರಗಿನ ತುದಿಯನ್ನು ಮಡಚಿಕೊಂಡು ಮುಂದುವರಿಸಿದರು.

"ಇವ್ರಿಗೆ ಹೇಳ್ಲಿಲ್ಲ. ಮಿರ್ಲೆ ಅಣ್ಣನ ಮೇಲೆ ಆಗ್ಲೇ ಸಿಟ್ಟಾಗಿದ್ರು. ನಿಮ್ದೂ ಹೇಳ್ಬುಟ್ಟಿದ್ರೆ ಇವ್ರಿಗೆ ಮಾತಾಡೋಕೆ ಯಾರೂ ಉಳೀತಿರ್ಲಿಲ್ಲ. ಆದ್ರೆ ನಮ್ ಪತ್ರಿಕೇನೂ ಅದೇ ಕಾರಲ್ಲಿತ್ತು ಅಂತ ಇವತ್ತೇ ಗೊತ್ತಾಗಿದ್ದು."

ಅವರು ಹೇಳಿದ್ದೆಲ್ಲ ನಿಜ. ಮೇಲೆ ಬರೆಯುವಾಗಲೂ, ಸಭೆಯಲ್ಲಿ ಒಪ್ಪಿಕೊಳ್ಳುವಾಗಲೂ ನಾನು ಹೊತ್ತಾಯಿತು ಎಂದಷ್ಟೇ ಹೇಳಿದ್ದೆ. ಹೊತ್ತು ಹೇಗಾಯಿತು ಎಂದು ಹೇಳಿರಲಿಲ್ಲ. ಅವತ್ತು ಮಿರ್ಲೆಯವನು ನನಗೆ ಕೊಟ್ಟದ್ದು ಎರಡು ಪತ್ರಿಕೆ. ಒಂದು ಗೆಳೆಯನಿಗೆ, ಇನ್ನೊಂದು ಸರಗೂರಿನ ಒಬ್ಬ ಸಾವ್ಕಾರರಿಗೆ. ಅವರು ಮಿರ್ಲೆಯವನಿಗೆ ಬರೀ ವ್ಯವಹಾರದ ಪರಿಚಯ, ನನಗೆ ದೂರದ ನೆಂಟರು. ಮೊದಲು ಅವರ ಮನೆಗೇ ಹೋದೆವು. ಕೂರಿಸಿದರು, ಹಣ್ಣು ತಾಂಬೂಲ ಕೊಟ್ಟರು, ಕಾಫಿಯಾದ ಮೇಲೆ ತಿಂಡಿಯೂ ಆಯಿತು, ನಮ್ಮ ಮಠದ ಸುದ್ದಿ ಬಂತು. ಎದ್ದಾಗ ಕತ್ತಲಾಗಿತ್ತು. ಗೆಳೆಯನ ಮನೆ ಅದೇ ಊರಿನ ಇನ್ನೊಂದು ತುದಿ, ನಡೆದರೂ ಹದಿನೈದು ನಿಮಿಷ. ಕಾರು ಹತ್ತುವಾಗ ಹೆಂಡತಿ, ಅವರ ಮನೆಗೆ ಎಂದು ಕೇಳಿದಳು. ಅವನು ನಮ್ಮವನೇ, ಅವನಿಗೆಲ್ಲ ಈ ಶಾಸ್ತ್ರ ಬೇಕಾಗಿಲ್ಲ, ಅರ್ಥ ಮಾಡಿಕೊಳ್ಳುತ್ತಾನೆ ಎಂದು ನಾನು ಹೇಳಿದೆ. ಮನೆಗೆ ಬರುತ್ತೇನೆಂದು ಫೋನು ಮಾಡಿದ್ದು ನನಗೆ ಆಗಲೂ ನೆನಪಿತ್ತು. ಸಾವ್ಕಾರರಲ್ಲಿ ಹೊಟ್ಟೆ ತುಂಬಿತ್ತು. ಇನ್ನೊಂದು ಮನೆಯಲ್ಲಿ ಊಟಕ್ಕೆ ಕೂರಿಸಿಬಿಟ್ಟರೆ ಏನು ಹೇಳುವುದು ಎಂಬ ಒಂದು ಯೋಚನೆಯೂ ಮನಸ್ಸಿನಲ್ಲಿ ಹಾದುಹೋಯಿತು. ಅದನ್ನು ನಾನು ಇವತ್ತಿನ ತನಕ ಹೆಂಡತಿಗೂ ಹೇಳಿಲ್ಲ. ಅವಳಿಗೆ ಗೊತ್ತಿರಬೇಕು.

ಸಭೆ ಹೇಗೆ ಮುಗಿಯಿತೋ ನನಗೆ ನೆನಪಿಲ್ಲ. ವಂದನಾರ್ಪಣೆ ಇರಲಿಲ್ಲ. ವ್ಯವಸ್ಥೆ ನನ್ನ ಮೂಲಕ ಕೆಲಸ ಮಾಡಿದೆ ಎಂದು ಸರಗೂರಿನವನು ಹೇಳಿದಾಗ ನನಗೆ ಒಳಗೊಳಗೇ ನಗು ಬಂದಿತ್ತು. ಈಗ ಆ ಮಾತು ಪದಕ್ಕೆ ಪದ ಸರಿಯಾಗಿತ್ತು. ಅವನ ಹನ್ನೆರಡು ಪುಟದ ಲೇಖನದಲ್ಲಿ ಹೊಸ್ತಿಲು ನೋಡಿ ದಾಟುವವನು ನಾನೇ. ಅವನು ವಿಳಾಸ ಮಾತ್ರ ತಪ್ಪು ಬರೆದಿದ್ದ, ಮಿರ್ಲೆ ಎಂದು ಬರೆದಿದ್ದ. ನನಗೆ ಬಹಳ ನಾಚಿಕೆಯಾಯಿತು. ಎರಡು ದಿನ ಊಟ ಸೇರಲಿಲ್ಲ. ಚಿಂತಕರಿಗೆ ಹೀಗಾದಾಗ ಅದನ್ನು ಆತ್ಮವಿಮರ್ಶೆ ಎನ್ನುತ್ತಾರೆ. ನನ್ನ ಹೆಂಡತಿ ಅದನ್ನು ಪಿತ್ತ ಎಂದು ಜೀರಿಗೆ ಕಷಾಯ ಮಾಡಿಕೊ‌ಟ್ಟಳು.

ಮೂರನೆಯ ದಿನ ಅವಳೇ ದಾರಿ ಹೇಳಿದಳು. ಪತ್ರಿಕೆ ಇದೆಯಾ ಎಂದು ಕೇಳಿದಳು. ಇತ್ತು. ಸಾಮಾಜಿಕ ಶ್ರೇಣೀಕರಣದ ಬಗೆಗಿನ ಒಂದು ದಪ್ಪ ಪುಸ್ತಕದೊಳಗೆ, ನಾನು ಪಾಠಕ್ಕೆಂದು ಯಾವತ್ತೂ ತೆರೆಯದ ಅಧ್ಯಾಯದಲ್ಲಿ ಬಚ್ಚಿಟ್ಟಿದ್ದೆ. ಮೂಲೆಗಳ ಅರಿಶಿನ ಮಾಸಿತ್ತು. ಅವಳು ಹೊಸದಾಗಿ ಹಚ್ಚಿದಳು.

"ಕೊಡ್ಬೇಕಾದ್ದು ಕೊಡ್ಲೇಬೇಕು. ಹಳೇದಾದ್ರೆ ಏನು, ನಡೀರಿ" ಎಂದಳು.

ಮುಂದಿನ ಭಾನುವಾರ ಹೋದೆವು. ಮಿರ್ಲೆಯವನೂ ಹೆಂಡತಿಯನ್ನು ಕರೆದುಕೊಂಡು ಹುಣಸೂರಿಗೆ ಬಂದು ನಮ್ಮ ಕಾರನ್ನೇ ಹತ್ತಿದ. ಹೆಚ್.ಡಿ.ಕೋಟೆ ದಾಟುವ ತನಕ ಅವನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಕೋಟೆ ದಾಟಿದ ಮೇಲೆ, ಆ ಸಾವ್ಕಾರ ಮದುವೆಗೆ ಬರಲೂ ಇಲ್ಲ ಗೊತ್ತಾ ಎಂದು ಒಂದು ಸಲ ಹೇಳಿದ. ಸರಗೂರಿನ ಅಂಗಡಿ ಬೀದಿಯಲ್ಲಿ ನಾನು ಯಾವ ಕಡೆಗೂ ನೋಡದೆ ಕಾರು ಓಡಿಸಿದೆ.

ಗೆಳೆಯ ಬಾಗಿಲಲ್ಲೇ ನಿಂತಿದ್ದ. ಮಿರ್ಲೆಯವನು ಕಾರಿನಿಂದ ಇಳಿದು, ಮುರಿದು ಕೂಡಿದ ಕಾಲನ್ನು ಸ್ವಲ್ಪ ಎಳೆದುಕೊಂಡು ಹೋಗಿ ಅವನ ಮುಂದೆ ನಿಂತ. ತಲೆ ಪೂರ್ತಿ ಬೋಳಾಗೋಯ್ತಲ್ಲೋ ಎಂದು ಸರಗೂರಿನವನು ಅಂದ. ಐದು ತಿಂಗಳಿಂದ ಅವನು ಆ ತಲೆಯನ್ನು ಪರದೆಯ ಮೇಲೆ ನೋಡುತ್ತಲೇ ಇದ್ದ. ಜಗಲಿಯ ಮೇಲೆ ಕೂತರು. ಹತ್ತು ನಿಮಿಷಕ್ಕೆಲ್ಲ ವರ್ಗವೂ ಜಾತಿಯೂ ಮತ್ತೆ ಜಗಳಕ್ಕೆ ಬಿದ್ದವು. ಆದರೆ ಈಗ ಮಾನ್ಯರು ಇರಲಿಲ್ಲ, ಸುಮ್ನಿರ್ಲಾ ನಿಂಗೇನು ಗೊತ್ತು ಎಂಬ ದನಿ ಕೇಳುತ್ತಿತ್ತು. ಅದನ್ನು ಕೇಳಿ ನನಗೆ ಕಣ್ಣು ತುಂಬಿ ಬಂತು.

ಒಳಗೆ ನನ್ನ ಹೆಂಡತಿ ಗೆಳೆಯನ ಹೆಂಡತಿಗೆ ಕುಂಕುಮ ಕೊಟ್ಟಳು. ನಾನು ಎರಡೂ ಕೈಯಲ್ಲಿ ಪತ್ರಿಕೆ ಹಿಡಿದು, ಮದುವೆಗೆ ಬರಬೇಕು ಕಣಮ್ಮ ಎಂದೆ. ಬೇರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆಲ್ಲ ಮರೆತುಹೋಗಿತ್ತು. ಅವರು ಪತ್ರಿಕೆ ಬಿಡಿಸಿ, ಒಂದು ಹೆಸರೂ ಬಿಡದೆ ಪೂರ್ತಿ ಓದಿದರು. ಆಮೇಲೆ ಅದನ್ನು ದೇವರ ಗೂಡಿನಲ್ಲಿಟ್ಟು ಬಂದರು.

"ಅವತ್ತು ಅಡ್ಗೆ ಮಾಡಿದ್ದೆ ಅಣ್ಣ. ಇವತ್ತು ಮಾಡಿಲ್ಲ. ಟೀ ಕುಡೀರಿ" ಎಂದರು.

ಟೀ ಕುಡಿದೆವು. ಹೊರಡುವಾಗ ಅವರು ಗೂಡಿನಿಂದ ಒಂದು ಹೊಸ ಪತ್ರಿಕೆ ತಂದರು. ಹೆಚ್.ಡಿ.ಕೋಟೆಯಲ್ಲಿ ಮಗಳು ಅಳಿಯ ಮನೆ ಕಟ್ಟಿಸಿದ್ದರು, ಗೃಹಪ್ರವೇಶ. ಮಿರ್ಲೆಯವನ ಹೆಂಡತಿಗೆ ಕುಂಕುಮ ಕೊಟ್ಟು, ಗಂಡ ಹೆಂಡತಿ ಇಬ್ಬರೂ ನಿಂತು ಪತ್ರಿಕೆಯನ್ನು ಅವರ ಕೈಗಿತ್ತು ಕರೆದರು. ಆಮೇಲೆ ನನ್ನ ಹೆಂಡತಿಗೂ ಕುಂಕುಮ ಕೊಟ್ಟರು. ನಾನು ಕೈ ಮುಂದೆ ಮಾಡಿದ್ದೆ.

"ನಿಮ್ಗೆ ಫೋನಿಗೆ ಫೋಟೋ ಹಾಕ್ತೀನಿ ಅಣ್ಣ. ಇಬ್ರೂ ಬರ್ಬೇಕು" ಎಂದರು.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಆಗಲಿ ಕಣಮ್ಮ ಎಂದು ಕೈ ಹಿಂದಕ್ಕೆ ತೆಗೆದುಕೊಂಡೆ. ಗುರುವಾರ ಬೆಳಿಗ್ಗೆ ಫೋಟೋ ಬಂತು. ಭಾನುವಾರ ಹೋದೆವು, ಮೊದಲ ಪಂತಿಯಲ್ಲೇ ಕೂತು ಉಂಡೆ.